ಹಳೆಯ ಬೇಕರಿ ಕಟ್ಟಡ: ಭಟ್ಟಿಯಿಂದ ಶುರುಮಾಡಿದ ದಾಖಲೆ

ಹುಬ್ಬಳ್ಳಿಯ ಗದಗ ರಸ್ತೆಯ ಕಡೆಗಿನ ಹಳೆಯ ಬಡಾವಣೆಯಲ್ಲಿರುವ ಒಂದು ಬೇಕರಿ ಕಟ್ಟಡದ ಪಾರಂಪರಿಕ ಮೌಲ್ಯವನ್ನು ಬರೆದಿಡಲು ನಾವು ಮೊದಲು ಅಳೆದದ್ದು ಕಟ್ಟಿಗೆ ಉರಿಯ ಭಟ್ಟಿಯನ್ನು. ಬೇಕರಿಯಲ್ಲಿ ಉಳಿದದ್ದೆಲ್ಲ ಭಟ್ಟಿಗೆ ತಕ್ಕಂತೆ ಕಟ್ಟಿದ್ದು. ಹಿಟ್ಟು ಹುದುಗಲು ಇಡುವ ಜಾಗ ಅದರ ಬೆಚ್ಚನೆಯ ಗೋಡೆಗೆ ಹತ್ತಿರ ಇರುತ್ತದೆ. ಭಟ್ಟಿಯ ಬಾಯಿಯ ಎದುರಿಗಿರುವ ಖಾಲಿ ನೆಲವೂ ಸುಮ್ಮನೆ ಬಿಟ್ಟದ್ದಲ್ಲ, ಉದ್ದ ಹಿಡಿಕೆಯ ಹಲಗೆಯನ್ನು ಪೂರ್ತಿ ಹೊರಗೆಳೆಯಲು ಅಷ್ಟು ಜಾಗ ಬೇಕೇ ಬೇಕು. ಭಟ್ಟಿ ಒಡೆದು ಮುಂಭಾಗವನ್ನಷ್ಟೇ ಉಳಿಸಿದರೆ ಅದು ಬೇಕರಿಯಾಗಿ ಉಳಿಯುವುದಿಲ್ಲ.

ಉರಿ ಆರಿಸಿ ನಾಲ್ಕು ದಿನ ಬಿಟ್ಟು ಒಳಗಿನ ಅಳತೆ ತೆಗೆದೆವು. ನೆಲ 9 ಫೂಟು ಉದ್ದ, 8 ಫೂಟು ಅಗಲ. ಕಮಾನಿನ ನೆತ್ತಿ 27 ಇಂಚು, ಬಾಯಿಯ ಎತ್ತರ 17 ಇಂಚು. ಬಾಯಿ ನೆತ್ತಿಯ ಶೇ. 63ರಷ್ಟಿದೆ. ಇದಕ್ಕಿಂತ ಬಹಳ ಎತ್ತರವಾದರೆ ಕಾವು ಹೊರಗೆ ಹೋಗುತ್ತದೆ, ಗಿಡ್ಡವಾದರೆ ಗಾಳಿ ಸಾಲದೆ ಹೊಗೆ ಕಟ್ಟುತ್ತದೆ. ಕಟ್ಟಿದ ಗೌಂಡಿಗೆ ಈ ಲೆಕ್ಕ ಗೊತ್ತಿತ್ತು ಎಂಬುದಕ್ಕೆ ಈ ಅಳತೆಯೇ ಸಾಕ್ಷಿ. ಹಾಗಾಗಿ ನಕ್ಷೆಯ ಜೊತೆಗೆ ಭಟ್ಟಿಯನ್ನು ನಡುವೆ ಸೀಳಿದಂತೆ ತೋರಿಸುವ ಚಿತ್ರವನ್ನೂ ಬರೆಯಲೇಬೇಕು.

ಬಳಕೆಯ ಕ್ರಮವನ್ನೂ ಅಲ್ಲಿಯೇ ದಾಖಲಿಸಿದೆವು. ಕೆಂಡ ಎಳೆದು, ಒದ್ದೆ ಗೋಣಿತಾಟಿನಿಂದ ನೆಲ ಒರೆಸಿ, ಒಂದು ಚಿಟಿಕೆ ಹಿಟ್ಟು ಎರಚಿ ನೋಡುತ್ತಾರೆ. ತಕ್ಷಣ ಕಪ್ಪಾದರೆ ಕಾವು ಹೆಚ್ಚು, ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿದರೆ ಬ್ರೆಡ್ ಹಾಕಬಹುದು. ಬ್ರೆಡ್ ಮತ್ತು ಬನ್ ಮೊದಲು, ಟೋಸ್ಟ್ ಕೊನೆಗೆ, ಇಳಿಯುವ ಕಾವಿನಲ್ಲಿ. ಒಂದೇ ಉರಿಯಲ್ಲಿ ಇಷ್ಟೆಲ್ಲ ಆಗುವುದು ದಪ್ಪ ಇಟ್ಟಿಗೆ ಕಾವು ಹಿಡಿದಿಡುವುದರಿಂದ.

ಕಾಲ ನಿರ್ಧರಿಸುವಲ್ಲಿ ತಪ್ಪುಗಳು ಹೆಚ್ಚು. ಮಂಗಳೂರು ಹಂಚಿನ ಬೆನ್ನ ಮೇಲೆ ಬಾಸೆಲ್ ಮಿಶನ್ ಹೆಸರಿನ ಜೊತೆ 1865 ಎಂದಿದ್ದರೆ ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಮಿಶನ್ನಿನ ಕಾರ್ಖಾನೆಗಳನ್ನು ಆಮೇಲೆ ವಹಿಸಿಕೊಂಡ ಕಾಮನ್‌ವೆಲ್ತ್ ಟ್ರಸ್ಟಿನ ಮುದ್ರೆ ಇದ್ದರೆ ಹಂಚು ಮೊದಲ ಮಹಾಯುದ್ಧದ ನಂತರದ್ದು. ಹಂಚನ್ನು ಬೇರೆ ಮನೆಯಿಂದ ತಂದು ಹೊದಿಸಿರಲೂಬಹುದು, ಆದ್ದರಿಂದ ಒಂದೆರಡು ಹಂಚು ನೋಡಿ ತೀರ್ಮಾನಿಸಬಾರದು. ನಾವು ಪ್ರತಿ ಇಳಿಜಾರಿನಲ್ಲಿ 20 ಹಂಚು ತಿರುವಿ ನೋಡಿದೆವು. ರೈಲ್ವೆ ಊರಾದ ಹುಬ್ಬಳ್ಳಿಯಲ್ಲಿ ಗುಜರಿ ಹಳಿಯನ್ನು ತೊಲೆಯಾಗಿ ಹಾಕಿದ್ದು ಕಂಡರೆ ಅದೃಷ್ಟ. ಹಳಿಯ ನಡುಪಟ್ಟಿಯ ಮೇಲೆ ತಯಾರಕರ ಹೆಸರು ಮತ್ತು ವರ್ಷ ಉಬ್ಬಕ್ಷರದಲ್ಲಿರುತ್ತದೆ. ಮಸಿಯನ್ನು ತಂತಿ ಬ್ರಷ್ಷಿನಿಂದ ಹದವಾಗಿ ತೆಗೆದು, ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಓದಲು ಬರುತ್ತದೆ. ಆ ಹಳಿ ಹಾಕಿದ ಭಾಗ ಆ ವರ್ಷಕ್ಕಿಂತ ಹಳೆಯದಲ್ಲ, ಇಷ್ಟು ಮಾತ್ರ ಖಚಿತ. ಬೋರ್ಡಿನಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಅದನ್ನು ಬರೆದದ್ದು 1972ರ ಆಗಸ್ಟ್ 15ರ ನಂತರ. ಸಿಟಿ ಸರ್ವೆ ಕಚೇರಿಯಿಂದ ಆಸ್ತಿಯ ಉತಾರ (ದಾಖಲೆಯ ನಕಲು) ತೆಗೆಸಿ. 1956ರ ಮೊದಲು ಧಾರವಾಡ ಜಿಲ್ಲೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಹಳೆಯ ಕಾಗದ ಮರಾಠಿಯಲ್ಲಿ, ಅದರ ಹಳೆಯ ಓಟದ ಬರಹವಾದ ಮೋಡಿ ಲಿಪಿಯಲ್ಲಿ ಸಿಗಬಹುದು. ಕೇಂದ್ರದ 1958ರ ಕಾಯ್ದೆ ಕನಿಷ್ಠ ನೂರು ವರ್ಷ ಹಳೆಯದನ್ನೇ ಪ್ರಾಚೀನ ಸ್ಮಾರಕವೆನ್ನುವುದರಿಂದ ಈ ದಾಖಲೆಗಳಿಗೆ ಬೆಲೆ ಹೆಚ್ಚು.

ಗೋಡೆಗೆ ಯಾರೋ ನಾಲ್ಕು ಫೂಟಿನವರೆಗೆ ಸಿಮೆಂಟ್ ಗಿಲಾವು ಮಾಡಿದ್ದರು. ನೆಲದ ತೇವ ಹೊರಬರಲು ದಾರಿಯಿಲ್ಲದೆ ಮೇಲಕ್ಕೇರಿ, ಗಿಲಾವು ಮುಗಿಯುವಲ್ಲಿ ಇಟ್ಟಿಗೆ ಪುಡಿಯಾಗಿತ್ತು. ಅದನ್ನು ಉಳಿಯಿಂದ ಬಿಡಿಸಿ ಒಂದು ಬೇಸಿಗೆ ಒಣಗಲು ಬಿಟ್ಟೆವು. ಹಳೆಯ ಗಾರೆಯ ಚೂರನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿದಾಗ ಸುಣ್ಣ ಕರಗಿ, ತಳದಲ್ಲಿ ಮರಳು ಮತ್ತು ಇಟ್ಟಿಗೆ ಪುಡಿ ಉಳಿಯಿತು. ಅದನ್ನು ನೋಡಿಯೇ ಹೊಸ ಗಾರೆಯ ಪ್ರಮಾಣ ಗೊತ್ತುಮಾಡಿದೆವು: ಅರಳಿಸಿ ಮೂರು ವಾರ ನೀರಿನಡಿ ಇಟ್ಟ ಸುಣ್ಣ 1 ಬುಟ್ಟಿ, ಇಟ್ಟಿಗೆ ಪುಡಿ 1, ಮರಳು 2. ಎರಡು ಪದರ ಹಚ್ಚಿ, ಹತ್ತು ದಿನ ಒದ್ದೆ ಗೋಣಿತಾಟು ಹೊದಿಸಬೇಕು.

ಭಟ್ಟಿಯೊಳಗೆ ಸಿಮೆಂಟ್ ಬೇಡವೇ ಬೇಡ. 400 ಡಿಗ್ರಿ ದಾಟಿದರೆ ಅದರ ಹಿಡಿತ ಹೋಗುತ್ತದೆ. ನಮ್ಮ ಎರೆಮಣ್ಣೂ ಆಗದು, ಒಣಗುವಾಗ ಬಹಳ ಕುಗ್ಗಿ ಬಿರಿಯುತ್ತದೆ. ಜೇಡಿಮಣ್ಣು 1, ಜರಡಿ ಹಿಡಿದ ಮರಳು 3, ಸಂದು ಕಾಲು ಇಂಚಿಗಿಂತ ದಪ್ಪ ಬೇಡ. ಕಮಾನಿನ ಕೂದಲೆಳೆ ಬಿರುಕುಗಳನ್ನು ಮುಚ್ಚಲಿಲ್ಲ, ಕಾದಾಗ ಅವು ತಾವೇ ಕೂಡುತ್ತವೆ. ದುರಸ್ತಿಯ ನಂತರ ಒಂದು ವಾರ ದಿನಕ್ಕೆರಡು ತಾಸು ಸಣ್ಣ ಉರಿ ಮಾತ್ರ. ಮೊದಲ ದಿನವೇ ಜೋರು ಉರಿ ಹಾಕಿದರೆ ಒಳಗಿನ ನೀರು ಆವಿಯಾಗಿ ಹೊಸ ಸಂದು ಸಿಡಿಯುತ್ತದೆ.

ಹೊರಗೋಡೆಯ ಬಿರುಕಿನ ಮೇಲೆ ಗಾಜಿನ ಪಟ್ಟಿಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಕೂರಿಸಿ ತಾರೀಖು ಬರೆದಿದ್ದೇವೆ, ಬಿರುಕು ಸರಿದರೆ ಗಾಜು ಒಡೆದು ಗೊತ್ತಾಗುತ್ತದೆ. ಬಿರುಕು ಬೇಸಿಗೆಯಲ್ಲಿ ಬಿಟ್ಟು ಮಳೆಗಾಲದಲ್ಲಿ ಕೂಡಿದರೆ ಅದು ಅಡಿಯ ಎರೆಮಣ್ಣಿನ ಕೆಲಸ. ಕಮಾನು ಶುರುವಾಗುವ ಮಟ್ಟದಲ್ಲಿ ಅಡ್ಡಕ್ಕೆ ಬಿರಿದು ಬೆಳೆಯುತ್ತಲೇ ಹೋದರೆ ಅದು ಭಟ್ಟಿಯ ನೂಕು. ಆಗ ಎದುರುಬದುರು ಗೋಡೆಗೆ ಕಬ್ಬಿಣದ ಸರಳು ಬಿಗಿಯಬೇಕು. ಒಂದು ಪೂರ್ತಿ ಮಳೆಗಾಲ ಕಳೆಯುವವರೆಗೆ ಆ ಗೋಡೆಯನ್ನು ಮುಟ್ಟುವುದಿಲ್ಲ.