ಆನ್‌ಲೈನ್ ಡಾಕ್ಟರೇಟ್‌ಗೆ ಸೇರುವ ಮುನ್ನ: ಅಮೆರಿಕದಲ್ಲಿ ಅಡ್ಜಂಕ್ಟ್ ಕೆಲಸಕ್ಕೆ ಮಾನ್ಯತೆ ಎಷ್ಟು ಮುಖ್ಯ?

ಅಮೆರಿಕದಲ್ಲಿ ಹಲವು ವರ್ಷ ಉದ್ಯೋಗ ಮಾಡಿದ ಕನ್ನಡಿಗರಲ್ಲಿ ಅನೇಕರಿಗೆ ಸಂಜೆಯ ವೇಳೆ ಹತ್ತಿರದ ಕಾಲೇಜಿನಲ್ಲಿ ಅಡ್ಜಂಕ್ಟ್ ಆಗಿ, ಎಂದರೆ ಕೋರ್ಸಿಗಿಷ್ಟು ಸಂಬಳ ಪಡೆಯುವ ಅರೆಕಾಲಿಕ ಬೋಧಕರಾಗಿ, ಒಂದೆರಡು ಕೋರ್ಸ್ ಪಾಠ ಮಾಡಬೇಕೆಂಬ ಆಸೆ ಇರುತ್ತದೆ. ಅದಕ್ಕೆ ಡಾಕ್ಟರೇಟ್ ಬೇಕೇಬೇಕು ಎಂದು ಭಾವಿಸಿ ಆನ್‌ಲೈನ್ ವಿಶ್ವವಿದ್ಯಾಲಯಗಳನ್ನು ಹುಡುಕತೊಡಗಿದಾಗ, ಆ ಸಂಸ್ಥೆಯ ಮಾನ್ಯತೆಯಿಂದ (ಅಕ್ರೆಡಿಟೇಷನ್) ಮುಂದೆ ತೊಂದರೆಯಾಗುವುದೇ ಎಂಬ ಪ್ರಶ್ನೆ ಏಳುತ್ತದೆ. ಮಾನ್ಯತೆ ಇಲ್ಲದಿದ್ದರೆ ಅರ್ಜಿ ಮಾನವ ಸಂಪನ್ಮೂಲ ವಿಭಾಗದ ಮೇಜನ್ನೇ ದಾಟುವುದಿಲ್ಲ. ಮಾನ್ಯತೆ ಇದ್ದರೆ ಅರ್ಜಿ ವಿಭಾಗದ ಮುಖ್ಯಸ್ಥರವರೆಗೆ ಹೋಗುತ್ತದೆ, ಆದರೆ ಅಲ್ಲಿಂದ ಮುಂದೆ ಅವರು ನೋಡುವುದು ಬೇರೆಯದನ್ನೇ.

ಮೊದಲು ಮಾನ್ಯತೆಯ ವಿಷಯವನ್ನು ಮುಗಿಸೋಣ. ಅಮೆರಿಕದಲ್ಲಿ ಇಡೀ ಸಂಸ್ಥೆಗೆ ಸಿಗುವ ಮಾನ್ಯತೆ ಬೇರೆ, ಒಂದು ನಿರ್ದಿಷ್ಟ ಪದವಿಗೆ ಸಿಗುವ ಮಾನ್ಯತೆ ಬೇರೆ. ಸಂಸ್ಥೆಯ ಮಾನ್ಯತೆಯಲ್ಲಿ ಹಿಂದೆ ಪ್ರಾದೇಶಿಕ ಮತ್ತು ರಾಷ್ಟ್ರೀಯ ಎಂಬ ಎರಡು ಬಗೆಗಳಿದ್ದವು. 2020ರ ಜುಲೈ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಈ ಭೇದವನ್ನು ಕೈಬಿಟ್ಟಿತು. ಆದರೆ ಕಾಲೇಜುಗಳ ರೂಢಿ ಅಷ್ಟು ಬೇಗ ಬದಲಾಗಲಿಲ್ಲ: ಅಡ್ಜಂಕ್ಟ್ ಹುದ್ದೆಗಳ ಅನೇಕ ಜಾಹೀರಾತುಗಳಲ್ಲಿ ಪ್ರಾದೇಶಿಕ ಮಾನ್ಯತೆ ಪಡೆದ ಸಂಸ್ಥೆಯ ಪದವಿ ಎಂಬ ಷರತ್ತು ಇಂದಿಗೂ ಕಾಣುತ್ತದೆ. ಆದ್ದರಿಂದ ಹೈಯರ್ ಲರ್ನಿಂಗ್ ಕಮಿಷನ್, ದಕ್ಷಿಣದ ರಾಜ್ಯಗಳ ಎಸ್‌ಎಸಿಎಸ್‌ಸಿಒಸಿ ಮುಂತಾದ ಹಳೆಯ ಪ್ರಾದೇಶಿಕ ಮಂಡಳಿಗಳ ಮಾನ್ಯತೆ ಇರುವ ಸಂಸ್ಥೆಯನ್ನೇ ಆರಿಸಿಕೊಳ್ಳುವುದು ಸುರಕ್ಷಿತ. ವಾಲ್ಡನ್, ಕಪೆಲ್ಲಾದಂತಹ, ಬಹುತೇಕ ಆನ್‌ಲೈನ್‌ನಲ್ಲೇ ನಡೆಯುವ ವಿಶ್ವವಿದ್ಯಾಲಯಗಳಿಗೂ ಹೈಯರ್ ಲರ್ನಿಂಗ್ ಕಮಿಷನ್ನಿನ ಮಾನ್ಯತೆ ಇದೆ. ಎಂದರೆ ಆನ್‌ಲೈನ್ ಎಂಬ ಒಂದೇ ಕಾರಣಕ್ಕೆ ಪದವಿ ಕಡಿಮೆ ದರ್ಜೆಯದಾಗುವುದಿಲ್ಲ.

ದೂರಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ನೀಡುವ ಡಿಇಎಸಿ ಕೂಡ ಸರ್ಕಾರ ಒಪ್ಪಿದ ಮಂಡಳಿಯೇ. ಆದರೆ ಅದರ ಅಧಿಕಾರ ವೃತ್ತಿಪರ ಡಾಕ್ಟರೇಟ್‌ಗಳವರೆಗೆ ಮಾತ್ರ, ಪಿಎಚ್‌ಡಿ ಅದರ ವ್ಯಾಪ್ತಿಯಲ್ಲಿಲ್ಲ. ಡಿಇಎಸಿ ಮಾನ್ಯತೆಯ ಪಿಎಚ್‌ಡಿ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಬಹುದು. ಮಂಡಳಿಗಳ ಸ್ಥಿತಿಯೂ ಶಾಶ್ವತವಲ್ಲ: ಎಸಿಐಸಿಎಸ್ ಎಂಬ ಮಂಡಳಿ 2016ರಲ್ಲಿ ಸರ್ಕಾರದ ಮನ್ನಣೆ ಕಳೆದುಕೊಂಡು, 2018ರಲ್ಲಿ ಮರಳಿ ಪಡೆದು, 2022ರಲ್ಲಿ ಮತ್ತೆ ಕಳೆದುಕೊಂಡಿತು. ಇನ್ನು ಕೆಲವು ಮಂಡಳಿಗಳು ಹೆಸರಿಗಷ್ಟೇ ಇರುತ್ತವೆ. 2015ರಲ್ಲಿ ಬಯಲಾದ, ಪಾಕಿಸ್ತಾನದ ಆಕ್ಸಾಕ್ಟ್ ಕಂಪನಿಯ ಹಗರಣದಲ್ಲಿ ವಿಶ್ವವಿದ್ಯಾಲಯಗಳಷ್ಟೇ ಅಲ್ಲ, ಅವುಗಳಿಗೆ ಮಾನ್ಯತೆ ಕೊಡುವ ಮಂಡಳಿಗಳೂ ನಕಲಿಯಾಗಿದ್ದವು. ಹಾಗಾಗಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿರುವ ಮುದ್ರೆಯನ್ನು ನಂಬದೆ, ಅಮೆರಿಕದ ಶಿಕ್ಷಣ ಇಲಾಖೆ ನಡೆಸುವ, ಡಾಪಿಪ್ ಎಂದು ಕರೆಯಲಾಗುವ ದತ್ತಾಂಶ ಸಂಗ್ರಹದಲ್ಲಿ ಸಂಸ್ಥೆಯ ಹೆಸರನ್ನು ನೀವೇ ಹುಡುಕಬೇಕು. ಮಾನ್ಯತೆ ಪೂರ್ಣವಾಗಿದೆಯೇ, ಇಲ್ಲವೇ ಇನ್ನೂ ಪೂರ್ವಹಂತದಲ್ಲಿದೆಯೇ ಎಂಬುದನ್ನೂ ಅಲ್ಲಿ ಗಮನಿಸಬೇಕು. ಮಾನ್ಯತೆಯಿಲ್ಲದ ಪದವಿಯನ್ನು ಕೆಲಸಕ್ಕಾಗಿ ಬಳಸುವುದು ಕೆಲವು ರಾಜ್ಯಗಳಲ್ಲಿ ಕಾನೂನಿನ ತೊಡಕನ್ನೂ ತರುತ್ತದೆ. ಟೆಕ್ಸಾಸ್‌ನಲ್ಲಿ ನಕಲಿ ಅಥವಾ ಕಳಪೆ ದರ್ಜೆಯದೆಂದು ಪರಿಗಣಿಸಲಾದ ಪದವಿಯನ್ನು ಹೇಳಿಕೊಂಡು ಉದ್ಯೋಗ ಪಡೆಯುವುದು ಅಪರಾಧ.

ಇಷ್ಟು ಖಚಿತವಾದ ಮೇಲೆ ಬರುವುದು ಹೆಚ್ಚಿನವರು ಗಮನಿಸದೆ ಬಿಡುವ ಸಂಗತಿ. ಅಡ್ಜಂಕ್ಟ್ ಆಗಲು ಬಹುಪಾಲು ಕಮ್ಯೂನಿಟಿ ಕಾಲೇಜುಗಳಲ್ಲಿಯೂ, ಪದವಿ ಹಂತದ ಬೋಧನೆಯೇ ಮುಖ್ಯವಾಗಿರುವ ಅನೇಕ ವಿಶ್ವವಿದ್ಯಾಲಯಗಳಲ್ಲಿಯೂ ಡಾಕ್ಟರೇಟ್ ಕಡ್ಡಾಯವಲ್ಲ, ಸ್ನಾತಕೋತ್ತರ ಪದವಿ ಸಾಕು. ಟೆಕ್ಸಾಸ್, ಜಾರ್ಜಿಯಾ, ನಾರ್ತ್ ಕ್ಯಾರೊಲಿನಾದ ಕಾಲೇಜುಗಳು ಅನುಸರಿಸುತ್ತ ಬಂದಿರುವ ಎಸ್‌ಎಸಿಎಸ್‌ಸಿಒಸಿ ಮಾರ್ಗಸೂಚಿಯಂತೆ, ಪದವಿ ಹಂತದ ಸಾಮಾನ್ಯ ವಿಷಯಗಳನ್ನು ಬೋಧಿಸುವವರಿಗೆ ಸ್ನಾತಕೋತ್ತರ ಪದವಿಯೂ ಬೋಧಿಸುವ ವಿಷಯದಲ್ಲೇ ಸ್ನಾತಕೋತ್ತರ ಮಟ್ಟದ 18 ಕ್ರೆಡಿಟ್‌ಗಳೂ ಇರಬೇಕು. ವಿಭಾಗದ ಮುಖ್ಯಸ್ಥರು ನಿಮ್ಮ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದು ಕೋರ್ಸಿನ ಸಂಖ್ಯೆ, ಹೆಸರು, ಕ್ರೆಡಿಟ್‌ಗಳನ್ನು ಒಂದು ನಮೂನೆಯಲ್ಲಿ ತುಂಬುತ್ತಾರೆ. ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂ.ಟೆಕ್. ಮಾಡಿ, ಆಮೇಲೆ ಸಾಂಸ್ಥಿಕ ನಾಯಕತ್ವದಲ್ಲಿ ಆನ್‌ಲೈನ್ ಡಾಕ್ಟರೇಟ್ ಪಡೆದವರೊಬ್ಬರು ಸಂಖ್ಯಾಶಾಸ್ತ್ರ ಬೋಧಿಸಲು ಅರ್ಜಿ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಆ ನಮೂನೆಯಲ್ಲಿ ಅವರ ಅಲ್ಗಾರಿದಮ್ ಕೋರ್ಸಿಗೂ ಜಾಗವಿಲ್ಲ, ನಾಯಕತ್ವದ ಸೆಮಿನಾರುಗಳಿಗೂ ಜಾಗವಿಲ್ಲ. ಸಂಶೋಧನಾ ವಿಧಾನದ ಒಂದೆರಡು ಕೋರ್ಸುಗಳು ಸೇರಿದರೂ 18 ತುಂಬುವುದಿಲ್ಲ. ಡಾಕ್ಟರೇಟ್‌ನ ಮಾನ್ಯತೆಯಲ್ಲಿ ಯಾವ ಲೋಪವೂ ಇಲ್ಲ, ಆದರೂ ಕೆಲಸ ಸಿಗಲಿಲ್ಲ. ಅದೇ ವ್ಯಕ್ತಿ ತನ್ನ ಎಂ.ಟೆಕ್. ಒಂದರ ಬಲದಿಂದಲೇ ಪ್ರೋಗ್ರಾಮಿಂಗ್ ಬೋಧಿಸಬಹುದಿತ್ತು.

ಎಂ.ಟೆಕ್. ಅಥವಾ ಎಂ.ಎಸ್ಸಿ. ಪದವಿ ಕರ್ನಾಟಕದ್ದಾಗಿದ್ದರೆ ಇನ್ನೊಂದು ಕೆಲಸ ಉಳಿದಿರುತ್ತದೆ. ವಿದೇಶಿ ಪದವಿಗಳನ್ನು ಮೌಲ್ಯಮಾಪನ ಮಾಡುವ ಸಂಸ್ಥೆಗಳ ಒಕ್ಕೂಟವಾದ ಎನ್‌ಎಸಿಇಎಸ್‌ನ ಸದಸ್ಯ ಸಂಸ್ಥೆಯೊಂದರಿಂದ, ಉದಾಹರಣೆಗೆ ಡಬ್ಲ್ಯುಇಎಸ್‌ನಿಂದ, ಮೌಲ್ಯಮಾಪನ ವರದಿ ಪಡೆಯಬೇಕು. ಪದವಿಯ ಸಮಾನತೆಯನ್ನಷ್ಟೇ ಹೇಳುವ ಅಗ್ಗದ ವರದಿ ಸಾಲದು. ಕೋರ್ಸುವಾರು ಕ್ರೆಡಿಟ್ ತೋರಿಸುವ ವರದಿಯನ್ನೇ ತರಿಸಿಕೊಳ್ಳಿ, ಏಕೆಂದರೆ ಮೇಲೆ ಹೇಳಿದ ನಮೂನೆ ತುಂಬಲು ಬೇಕಾಗುವುದು ಅದೇ. ವಿಶ್ವವಿದ್ಯಾಲಯದಿಂದ ಮೊಹರು ಮಾಡಿದ ಲಕೋಟೆ ಹೊರಡಲು ಎಷ್ಟು ಕಾಲ ಬೇಕು ಎಂಬುದು ನಮ್ಮವರಿಗೆ ಹೇಳಿಕೊಡಬೇಕಾದ ಮಾತಲ್ಲ, ಆದ್ದರಿಂದ ಅರ್ಜಿ ಹಾಕುವುದಕ್ಕೆ ಬಹಳ ಮೊದಲೇ ಇದನ್ನು ಆರಂಭಿಸಬೇಕು.

ಕೆಲವು ವಿಷಯಗಳಲ್ಲಿ ಸಂಸ್ಥೆಯ ಮಾನ್ಯತೆಯ ಮೇಲೆ ಪದವಿಯ ಮಾನ್ಯತೆಯೂ ಲೆಕ್ಕಕ್ಕೆ ಬರುತ್ತದೆ. ಮನಃಶಾಸ್ತ್ರದಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಪೂರ್ಣ ಆನ್‌ಲೈನ್ ಡಾಕ್ಟರೇಟ್‌ಗಳಿಗೆ ಮಾನ್ಯತೆ ಕೊಡುವುದಿಲ್ಲ. ಚಿಕಿತ್ಸಾ ಮನಃಶಾಸ್ತ್ರದ ತರಬೇತಿ ನೀಡುವ ವಿಭಾಗಗಳಲ್ಲಿ ಇದು ದೊಡ್ಡ ಕೊರತೆಯಾಗುತ್ತದೆ. ಆಪ್ತಸಮಾಲೋಚನೆಯ ಶಿಕ್ಷಣದಲ್ಲಿ ಸಿಎಸಿಆರ್‌ಇಪಿ ಎಂಬ ಮಂಡಳಿ ಆನ್‌ಲೈನ್ ಕಾರ್ಯಕ್ರಮಗಳಿಗೂ ಮಾನ್ಯತೆ ನೀಡುತ್ತದೆ, ಹಾಗಾಗಿ ಅಲ್ಲಿ ಅದನ್ನು ನೋಡಿಯೇ ಸೇರಬೇಕು. ವಾಣಿಜ್ಯ ಮತ್ತು ನಿರ್ವಹಣೆಯ ಸ್ಥಿತಿ ಬೇರೆ. ಎಎಸಿಎಸ್‌ಬಿ ಎಂಬ ಮಂಡಳಿಯ ಮಾನ್ಯತೆ ಇರುವ ಬಿಸಿನೆಸ್ ಸ್ಕೂಲ್‌ಗಳು ಪೂರ್ಣಕಾಲಿಕ ಪ್ರಾಧ್ಯಾಪಕರನ್ನು ಆರಿಸುವಾಗ ಆನ್‌ಲೈನ್ ಡಿಬಿಎ (ವ್ಯವಹಾರ ನಿರ್ವಹಣೆಯ ಡಾಕ್ಟರೇಟ್) ಪದವಿಯ ಬಗ್ಗೆ ಬಿಗಿಯಾಗಿಯೇ ಇರುತ್ತವೆ. ಆದರೆ ಆ ಮಂಡಳಿಯ ಮಾನದಂಡಗಳಲ್ಲೇ, ಸ್ನಾತಕೋತ್ತರ ಪದವಿಯ ಜೊತೆ ಉದ್ಯಮದ ಗಣನೀಯ ಅನುಭವವಿರುವ ಬೋಧಕರಿಗೆ ಪ್ರತ್ಯೇಕ ವರ್ಗವಿದೆ. ಇಪ್ಪತ್ತು ವರ್ಷ ಪೂರೈಕೆ ಸರಪಳಿಯನ್ನು ನಿರ್ವಹಿಸಿದವರು ಆ ವರ್ಗದಲ್ಲಿ ಡಾಕ್ಟರೇಟ್ ಇಲ್ಲದೆಯೇ ಒಳಬರಬಹುದು.

ವೀಸಾದ ಮಾತನ್ನೂ ಹೇಳಬೇಕು. ಎಚ್-1ಬಿಯಲ್ಲಿರುವವರು ಈಗಿನ ಉದ್ಯೋಗದ ಜೊತೆಗೆ ಕಾಲೇಜೊಂದರಲ್ಲಿ ಸಂಬಳಕ್ಕೆ ಪಾಠ ಮಾಡಬೇಕಾದರೆ ಆ ಕಾಲೇಜು ಅವರ ಪರವಾಗಿ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು. ಒಂದು ಕೋರ್ಸಿಗೆ ಕೆಲವೇ ಸಾವಿರ ಡಾಲರ್ ಕೊಡುವ ಹುದ್ದೆಗಾಗಿ ಕಾಲೇಜುಗಳು ಅಷ್ಟು ಶ್ರಮಪಡುವುದು ಅಪರೂಪ. ಗ್ರೀನ್ ಕಾರ್ಡ್ ಅಥವಾ ಉದ್ಯೋಗ ಪರವಾನಗಿ ಇದ್ದವರಿಗೆ ಈ ತೊಡಕಿಲ್ಲ. ಇದೇ ಸಂಬಳದ ದೃಷ್ಟಿಯಿಂದ, ಅಡ್ಜಂಕ್ಟ್ ಕೆಲಸವೊಂದನ್ನೇ ನೆಚ್ಚಿ ಸಾಲ ಮಾಡಿ ಡಾಕ್ಟರೇಟ್‌ಗೆ ಸೇರುವುದು ನನ್ನ ಅಭಿಪ್ರಾಯದಲ್ಲಿ ಜಾಣತನವಲ್ಲ.

ಊರಿಗೆ ಮರಳಿ ಅತಿಥಿ ಉಪನ್ಯಾಸಕರಾಗುವ ಯೋಚನೆ ಇದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮಗಳು ದೂರಶಿಕ್ಷಣ ಮತ್ತು ಆನ್‌ಲೈನ್ ಕ್ರಮದ ಪಿಎಚ್‌ಡಿಗೆ ಅವಕಾಶ ಕೊಡುವುದಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಯುಜಿಸಿ ಮತ್ತು ಎಐಸಿಟಿಇ ಜಂಟಿಯಾಗಿ, ಎಡ್‌ಟೆಕ್ ಕಂಪನಿಗಳು ವಿದೇಶಿ ವಿಶ್ವವಿದ್ಯಾಲಯಗಳ ಸಹಯೋಗದಲ್ಲಿ ನೀಡುವ ಆನ್‌ಲೈನ್ ಪಿಎಚ್‌ಡಿಗಳಿಗೆ ಮನ್ನಣೆ ಇಲ್ಲ ಎಂದು ಎಚ್ಚರಿಸಿದವು. ಅಮೆರಿಕದಲ್ಲಿ ನಿಸ್ಸಂಶಯವಾಗಿ ಸಲ್ಲುವ ಆನ್‌ಲೈನ್ ಪದವಿಯೂ ಭಾರತದಲ್ಲಿ ಸಲ್ಲುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಅಂಥವರಿಗೆ ಎನ್‌ಇಟಿ ಅಥವಾ ಕೆ-ಸೆಟ್ ಎಂಬ ಉಪನ್ಯಾಸಕ ಅರ್ಹತಾ ಪರೀಕ್ಷೆ ಹೆಚ್ಚು ಭರವಸೆಯ ದಾರಿ.

ಹಣ ಕಟ್ಟುವ ಮೊದಲು, ನೀವು ಪಾಠ ಮಾಡಬಯಸುವ ಮೂರು-ನಾಲ್ಕು ಕಾಲೇಜುಗಳ ಅಡ್ಜಂಕ್ಟ್ ಜಾಹೀರಾತುಗಳನ್ನು ತೆರೆದು ಅರ್ಹತೆಯ ಸಾಲುಗಳನ್ನು ಓದಿ. ನಂತರ ಆ ವಿಭಾಗದ ಮುಖ್ಯಸ್ಥರಿಗೆ ಚಿಕ್ಕ ಇಮೇಲ್ ಬರೆದು, ನಿಮ್ಮ ಈಗಿನ ಅಂಕಪಟ್ಟಿಯ ಆಧಾರದ ಮೇಲೆ ಯಾವ ಕೋರ್ಸುಗಳನ್ನು ಬೋಧಿಸಬಹುದು, ಉದ್ದೇಶಿಸಿರುವ ಡಾಕ್ಟರೇಟ್‌ನಿಂದ ಆ ಪಟ್ಟಿಗೆ ಯಾವುದು ಹೊಸದಾಗಿ ಸೇರುತ್ತದೆ ಎಂದು ಕೇಳಿ. ಹೊಸದಾಗಿ ಏನೂ ಸೇರುವುದಿಲ್ಲ ಎಂಬ ಉತ್ತರ ಬಂದರೆ, ಕೊರತೆಯಿರುವ ಕ್ರೆಡಿಟ್‌ಗಳಿಗೆ ಮಾತ್ರ ಒಂದು ಸ್ನಾತಕೋತ್ತರ ಸರ್ಟಿಫಿಕೇಟ್ ಕೋರ್ಸಿಗೆ ಸೇರಬಹುದು. ಅಂಥ ಕೋರ್ಸುಗಳಲ್ಲಿ ಹಲವು 18 ಕ್ರೆಡಿಟ್‌ಗಳ ಒಳಗೇ ಮುಗಿಯುತ್ತವೆ.