ಬಕೆಟ್ ತುಂಬುವ ತನಕ

ನಮ್ಮ ಮನೆ ಬಚ್ಚಲಲ್ಲಿ ಒಂದು ಬಕೆಟ್ ತುಂಬುವುದಕ್ಕೆ ಎರಡೂವರೆ ನಿಮಿಷ ಬೇಕಿತ್ತು. ನಲ್ಲಿಯಲ್ಲಿ ನೀರು ಬರುತ್ತಿದ್ದದ್ದೇ ನಿಧಾನ. ಮೊದಲೆಲ್ಲ ಇದಕ್ಕೆ ಬೈದುಕೊಳ್ಳುತ್ತಿದ್ದೆ. ಈಗ ಅದೇ ನನ್ನ ಗಡಿಯಾರ. ಮುಖಕ್ಕೆ, ಬೆನ್ನಿಗೆ ಮೊಡವೆಯ ಔಷಧಿ, ಬೆಂಜಾಯಿಲ್ ಪೆರಾಕ್ಸೈಡ್ ವಾಶ್ (ಹಚ್ಚಿ ತೊಳೆಯುವಂಥದ್ದು) ಹಚ್ಚಿ, ನಲ್ಲಿ ತಿರುಗಿಸಿ, ಸುಮ್ನೆ ನಿಲ್ಲುತ್ತೇನೆ. ಬಕೆಟ್ ತುಂಬುವ ತನಕ ಮೈಗೆ ನೀರು ಸುರಿಯುವ ಹಾಗಿಲ್ಲ. ಈ ಒಂದು ಅಭ್ಯಾಸಕ್ಕೆ ಬರಲು ನನಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು.

ನಾನಿರುವುದು ಸೋಮವಾರಪೇಟೆ ಹತ್ತಿರ. ಮನೆಯ ಕಾಫಿ ತೋಟ ನೋಡಿಕೊಳ್ಳುತ್ತೇನೆ, ಭಾನುವಾರ ಹಾಕಿ ಆಡುತ್ತೇನೆ. ಕೊಡಗಿನಲ್ಲಿ ಫಾರ್ವರ್ಡ್ ಆಡುವವರಿಗೆ ಬರವಿಲ್ಲ, ಗೋಲಿಗೆ ನಿಲ್ಲುವವರೇ ಸಿಗುವುದಿಲ್ಲ. ಹಾಗಾಗಿ ಹದಿನಾರನೇ ವಯಸ್ಸಿಗೇ ನನ್ನನ್ನು ಹಿಡಿದು ಕೀಪರ್ ಮಾಡಿದರು. ಕಾಲಿಗೆ ಪ್ಯಾಡ್, ಎದೆಗೆ ಗಾರ್ಡ್, ತಲೆಗೆ ಹೆಲ್ಮೆಟ್. ಒಳಗೆ ಬೆವರು ಹರಿಯುತ್ತಿರುತ್ತದೆ, ಮೇಲೆ ಆ ಬೆಲ್ಟುಗಳು ಉಜ್ಜುತ್ತಿರುತ್ತವೆ. ನನ್ನ ಮೊಡವೆಗಳೂ ಸರಿಯಾಗಿ ಅದೇ ದಾರಿಯಲ್ಲಿ ಎದ್ದವು. ಗದ್ದದ ಮೇಲೆ ಹೆಲ್ಮೆಟ್ ಬೆಲ್ಟ್ ಕೂರುವ ಜಾಗ, ಭುಜದ ಮೇಲೆ ಗಾರ್ಡಿನ ಪಟ್ಟಿ ಬರುವ ಜಾಗ, ಬೆನ್ನಿನ ಮಧ್ಯೆ ಅದರ ಬಕಲ್ ಒತ್ತುವ ಜಾಗ.

ಇಪ್ಪತ್ತು ದಾಟಿದರೆ ಹೋಗುತ್ತೆ ಅಂದರು. ಇಪ್ಪತ್ತು ದಾಟಿತು. ಮದುವೆಯಾದರೆ ಹೋಗುತ್ತೆ ಅಂದರು. ಅದಕ್ಕೆ ಮೊದಲು ಹುಡುಗಿ ನೋಡಲು ಹೋಗಬೇಕಲ್ವಾ? ಮುಖವಾದರೂ ಪರವಾಗಿಲ್ಲ, ಬೆನ್ನು ನೋಡುವಂತಿರಲಿಲ್ಲ. ಒಂದು ಸಲ ಆಟ ಮುಗಿಸಿ ಬನಿಯನ್ ಬಿಚ್ಚುವಾಗ ಅದು ಬೆನ್ನಿಗೆ ಅಂಟಿಕೊಂಡಿತ್ತು. ಎಳೆದರೆ ಎರಡು ಕಡೆ ಕೀವು, ರಕ್ತ. ಅವತ್ತಿನಿಂದ ಹುಡುಗರ ಜೊತೆ ಹೊಳೆಗೆ ಈಜಲು ಹೋಗುವುದನ್ನೇ ಬಿಟ್ಟೆ.

ಮನೆಮದ್ದು ಎಲ್ಲವೂ ಆಯಿತು. ಅಜ್ಜಿಯ ಅರಿಶಿನ, ಕಡಲೆಹಿಟ್ಟು, ಯಾರೋ ಹೇಳಿದ ನಿಂಬೆರಸ. ನಿಂಬೆರಸ ಹಚ್ಚಿದ್ದು ಒಂದೇ ದಿನ, ಉರಿ ಮೂರು ದಿನ. ಆಮೇಲೆ ಟೀಮಿನ ಹುಡುಗನೊಬ್ಬ ಒಂದು ಕ್ರೀಮ್ ಕೊಟ್ಟ. ನಾಲ್ಕೇ ದಿನಕ್ಕೆ ಮುಖ ನುಣ್ಣಗಾಯಿತು, ಬೆಳ್ಳಗೂ ಆಯಿತು. ಅಮ್ಮನಿಗೆ ಖುಷಿಯೋ ಖುಷಿ. ಎರಡು ತಿಂಗಳು ಹಚ್ಚಿದೆ. ನಿಲ್ಲಿಸಿದ ವಾರಕ್ಕೆ ಮೊದಲಿಗಿಂತ ದುಪ್ಪಟ್ಟು ಗುಳ್ಳೆ ಎದ್ದವು, ಕೆನ್ನೆ ಕೆಂಪಗೆ ಸುಟ್ಟ ಹಾಗಾಯಿತು. ಅದರಲ್ಲಿ ಸ್ಟೀರಾಯ್ಡ್ ಇತ್ತು ಅಂತ ಗೊತ್ತಾಗಿದ್ದು ಆಮೇಲೆ. ಚೀಟಿ ಇಲ್ಲದೆ ಯಾರೋ ಕೊಟ್ಟ, ಬೇಗ ಬೆಳ್ಳಗೆ ಮಾಡುವ ಕ್ರೀಮ್ ಇದ್ದರೆ ದಯವಿಟ್ಟು ಅದರ ಟ್ಯೂಬಿನ ಹಿಂದೆ ಏನು ಬರೆದಿದೆ ನೋಡಿ. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಅಂತ ಇದ್ದರೆ ಅದು ಮೊಡವೆಯ ಔಷಧಿಯಲ್ಲ.

ಬೆಂಜಾಯಿಲ್ ಪೆರಾಕ್ಸೈಡ್ ಹೆಸರು ಕೇಳಿದ್ದು ಬೆಂಗಳೂರಲ್ಲಿರುವ ಗೆಳೆಯನಿಂದ. 'ಬಿಪಿ ವಾಶ್ ತಗೋ' ಅಂದ. ಪೇಟೆಯ ಮೆಡಿಕಲ್ ಶಾಪಿಗೆ ಹೋಗಿ ಹಾಗೇ ಕೇಳಿದೆ. ಅಂಗಡಿಯ ಅಂಕಲ್ ಕನ್ನಡಕದ ಮೇಲಿಂದ ನೋಡಿ, 'ಯಾರಿಗಪ್ಪ, ಅಪ್ಪಾಜಿಗಾ? ಯಾವ ಮಾತ್ರೆ ತಗೊಳ್ತಿದ್ದಾರೆ?' ಅಂದರು. ಪೂರ್ತಿ ಹೆಸರು ಹೇಳುವ ಹೊತ್ತಿಗೆ ಹಿಂದೆ ಮೂರು ಜನ ನಿಂತಿದ್ದರು.

ಮೊದಲ ಬಾಟಲಿ ಪೂರ್ತಿ ದಂಡ. ಸೋಪಿನ ಹಾಗೆ ಹಚ್ಚಿ, ನೊರೆ ಬಂದ ತಕ್ಷಣ ತೊಳೆದುಬಿಡುತ್ತಿದ್ದೆ. ಮೈಯಲ್ಲಿ ಹತ್ತು ಸೆಕೆಂಡ್ ಇದ್ದರೆ ಹೆಚ್ಚು. ಒಂದೂವರೆ ತಿಂಗಳಾದರೂ ಒಂದು ಗುಳ್ಳೆಯೂ ಕಮ್ಮಿಯಾಗಲಿಲ್ಲ. ಔಷಧಿ ಸ್ಟ್ರಾಂಗ್ ಇಲ್ಲ ಅಂದುಕೊಂಡೆ. ಬೆಂಗಳೂರಿನ ಗೆಳೆಯನ ಕೈಲಿ 10 ಪರ್ಸೆಂಟಿನದು ತರಿಸಿದೆ. ಈ ಸಲ ಬಿಡಬಾರದು ಅಂತ ಕಾಲು ಗಂಟೆ ಮುಖದಲ್ಲೇ ಇಟ್ಟೆ, ದಿನಕ್ಕೆ ಎರಡು ಸಲ. ಅದರ ಮೇಲೆ ಹಂಡೆಯ ಬಿಸಿನೀರು. ಸೌದೆ ಒಲೆಯ ಹಂಡೆ, ಡಿಸೆಂಬರಿನ ಚಳಿ, ನೀರು ಎಷ್ಟು ಬಿಸಿ ಇರುತ್ತಿತ್ತು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಐದನೇ ದಿನಕ್ಕೆ ಬಾಯಿಯ ಎರಡೂ ತುದಿ ಒಡೆಯಿತು. ಮೂಗಿನ ಪಕ್ಕ ಈರುಳ್ಳಿ ಸಿಪ್ಪೆಯಂತೆ ಚರ್ಮ ಏಳುತ್ತಿತ್ತು. ಆಗ ಕಾಫಿ ಕುಯ್ಲಿನ ಸಮಯ. ಕಣದಲ್ಲಿ ಹಣ್ಣು ಹರಡುವಾಗ ಬಿಸಿಲು ಬಿದ್ದರೆ ಸಾಕು, ಮುಖ ಚುರುಚುರು. ಕೆಲಸಕ್ಕೆ ಬಂದ ಅಕ್ಕ ಒಬ್ಬರು, 'ಏನಣ್ಣ, ಮುಖಕ್ಕೆ ಬಿಸಿ ಎಣ್ಣೆ ಸಿಡಿಯಿತಾ?' ಅಂತ ಕೇಳಿಯೇಬಿಟ್ಟರು.

ಆಮೇಲೆಯೇ ಬುದ್ಧಿ ಬಂದು ಮೈಸೂರಿಗೆ ಹೋದದ್ದು. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಹೋಗಿ, ಎರಡು ಗಂಟೆ ಕಾದು, ಹತ್ತು ನಿಮಿಷ ಚರ್ಮದ ಡಾಕ್ಟರನ್ನು ಕಂಡೆ. ಆ ಹತ್ತು ನಿಮಿಷಕ್ಕೆ ಆ ಡಾಕ್ಟರಮ್ಮನಿಗೆ ನಾನು ಋಣಿ. ಮುಖ ನೋಡಿ ಮೊದಲು ಕೇಳಿದ್ದು, 'ಎಷ್ಟು ಹೊತ್ತು ಇಡ್ತೀರಿ?'

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಮೊಡವೆಯ ರಂಧ್ರದೊಳಗೆ ಜಿಡ್ಡು, ಸತ್ತ ಚರ್ಮ ಸೇರಿ ಬಾಯಿ ಮುಚ್ಚಿಕೊಂಡಿರುತ್ತದೆ. ಒಳಗೆ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದಕ್ಕೆ ಗಾಳಿ ಆಗುವುದಿಲ್ಲ. ಬೆಂಜಾಯಿಲ್ ಪೆರಾಕ್ಸೈಡ್ ಚರ್ಮಕ್ಕೆ ಇಳಿದಾಗ ಆಮ್ಲಜನಕ ಬಿಡುತ್ತದೆ, ಆ ಬ್ಯಾಕ್ಟೀರಿಯಾ ಸಾಯುತ್ತದೆ. ಮುಚ್ಚಿದ ಬಾಯಿಯನ್ನೂ ಸ್ವಲ್ಪ ಸಡಿಲ ಮಾಡುತ್ತದೆ. ಆಂಟಿಬಯಾಟಿಕ್ ಮುಲಾಮನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಂಡುಬಿಡುತ್ತದೆ. ಇದಕ್ಕೆ ಹಾಗೆ ಒಗ್ಗಿಕೊಳ್ಳುವುದಿಲ್ಲ. ಆಂಟಿಬಯಾಟಿಕ್ ಕೊಟ್ಟರೂ ಜೊತೆಗೆ ಇದನ್ನು ಕೊಡುವುದು ಅದಕ್ಕೇ. ಇನ್ನೊಂದು ಮಾತು ನನಗೆ ಚೆನ್ನಾಗಿ ತಟ್ಟಿತು. ಮುಖಕ್ಕೆ 2.5 ಪರ್ಸೆಂಟ್ ಮಾಡುವಷ್ಟೇ ಕೆಲಸವನ್ನು 10 ಪರ್ಸೆಂಟ್ ಹೆಚ್ಚುಕಮ್ಮಿ ಮಾಡುತ್ತದೆ. ಜಾಸ್ತಿಯಾಗುವುದು ಉರಿ, ಸಿಪ್ಪೆ ಮಾತ್ರ. ನಾನು ದುಡ್ಡು ಕೊಟ್ಟು ಉರಿ ಕೊಂಡುಕೊಂಡಿದ್ದೆ.

ಒಂದು ವಾರ ಏನೂ ಹಚ್ಚಬೇಡಿ, ಬರೀ ಮಾಯಿಶ್ಚರೈಸರ್ ಅಂದರು. ಆಮೇಲೆ ಮುಖಕ್ಕೆ 2.5, ಬೆನ್ನಿಗೆ ಭುಜಕ್ಕೆ 5. ಬೆನ್ನಿನ ಚರ್ಮ ದಪ್ಪ, ತಡೆದುಕೊಳ್ಳುತ್ತದೆ.

ಈಗ ನಾನು ಮಾಡುವ ಕ್ರಮ. ಸಂಜೆ, ತೋಟದಿಂದಲೋ ಮೈದಾನದಿಂದಲೋ ಬಂದ ಮೇಲೆ, ಒಂದೇ ಸಲ. ಮೊದಲು ಉಗುರುಬೆಚ್ಚಗಿನ ನೀರಲ್ಲಿ ಮೈ ಒದ್ದೆ ಮಾಡುತ್ತೇನೆ. ಬೆನ್ನಿಗೆ ಮೊದಲು, ಮುಖಕ್ಕೆ ಕೊನೆಗೆ. ಬೆನ್ನಿಗೆ ಜಾಸ್ತಿ ಹೊತ್ತು ಬೇಕು, ಮುಖಕ್ಕೆ ಕಮ್ಮಿ ಸಾಕು, ಅದಕ್ಕೇ ಈ ಕ್ರಮ. ಆದರೆ ಬೆನ್ನಿನ ಮಧ್ಯಕ್ಕೆ ಕೈ ಎಟಕಬೇಕಲ್ಲ? ಹಳೇ ಬಿಳಿ ಬನಿಯನ್ ಒಂದನ್ನು ಉದ್ದಕ್ಕೆ ಹರಿದು ಪಟ್ಟಿ ಮಾಡಿಕೊಂಡಿದ್ದೇನೆ. ಅದರ ಮಧ್ಯೆ ವಾಶ್ ಸುರಿದು, ಎರಡೂ ತುದಿ ಹಿಡಿದು, ಬೆನ್ನ ಮೇಲೆ ಆಚೆ ಈಚೆ ಎಳೆಯುತ್ತೇನೆ. ಉಜ್ಜುವುದಲ್ಲ, ಸವರುವುದು. ಮೊದಲು ಹೀರೆಕಾಯಿ ನಾರಿನಲ್ಲಿ ಗಸಗಸ ತಿಕ್ಕುತ್ತಿದ್ದೆ, ಮೊಡವೆ ಕಿತ್ತು ಬರುತ್ತೆ ಅನ್ನುವ ಹಾಗೆ. ತಿಕ್ಕಿದಷ್ಟೂ ಕೆರಳುತ್ತದೆ.

ಹಚ್ಚಿದ ಮೇಲೆ ನಲ್ಲಿ ಬಿಡುವುದು. ಬಕೆಟ್ ಅರ್ಧ ಆದಾಗ ಮುಖಕ್ಕೆ ಹಚ್ಚುತ್ತೇನೆ. ಕಣ್ಣಿನ ಸುತ್ತ, ಮೂಗಿನ ಮಡಿಕೆ, ತುಟಿಯ ತುದಿ ಬಿಟ್ಟು. ಬಕೆಟ್ ತುಂಬುವಾಗ ಮುಖಕ್ಕೆ ಒಂದು ನಿಮಿಷದ ಮೇಲೆ ಆಗಿರುತ್ತದೆ, ಬೆನ್ನಿಗೆ ಎರಡೂವರೆ. ಮುಖ ತೊಳೆದು, ಬೆನ್ನನ್ನು ಇನ್ನೊಂದು ಬಕೆಟ್ ತುಂಬುವ ತನಕ ಹಾಗೇ ಬಿಡುತ್ತೇನೆ. ಒಟ್ಟು ಐದು ನಿಮಿಷ. ಚಳಿಗಾಲದಲ್ಲಿ ಒದ್ದೆ ಮೈಯಲ್ಲಿ ಐದು ನಿಮಿಷ ನಿಲ್ಲುವುದು ತಪಸ್ಸೇ. ಆದರೆ ಅಷ್ಟು ಹೊತ್ತು ನಿಲ್ಲದಿದ್ದರೆ ಮೊದಲ ಬಾಟಲಿಯ ಕಥೆಯೇ.

ಶುರುವಿಗೆ ಎರಡು ವಾರ ದಿನ ಬಿಟ್ಟು ದಿನ ಮಾಡಿದೆ. ಮುಖಕ್ಕೆ ಮೂವತ್ತು ಎಣಿಸುವಷ್ಟೇ. ಅದಕ್ಕೂ ಮೊದಲು ಮೊಣಕೈ ಒಳಗೆ ಒಂದು ಚೂರು ಹಚ್ಚಿ ಎರಡು ದಿನ ನೋಡಿದೆ. ಇದು ಮುಖ್ಯ. ನಮ್ಮ ಟೀಮಿನ ಒಬ್ಬನಿಗೆ ಇದೇ ವಾಶ್‌ನಿಂದ ಕಣ್ಣಿನ ರೆಪ್ಪೆ ಊದಿ, ಮುಖವೆಲ್ಲ ತುರಿಕೆ ಬಂತು. ಅದು ಅಲರ್ಜಿ. ಒಣಗುವುದು, ಸ್ವಲ್ಪ ಚುರುಚುರು ಅನ್ನುವುದು ಬೇರೆ, ಊದಿಕೊಳ್ಳುವುದು ಬೇರೆ. ಊದಿದರೆ ಅಲ್ಲಿಗೇ ನಿಲ್ಲಿಸಬೇಕು, ಉಸಿರಿಗೆ ತೊಂದರೆಯಾದರೆ ಆಸ್ಪತ್ರೆಗೆ ಓಡಬೇಕು.

ಸ್ನಾನ ಆದ ಕೂಡಲೇ ಮುಖಕ್ಕೆ ಜಿಡ್ಡಿಲ್ಲದ ಮಾಯಿಶ್ಚರೈಸರ್. ಕೊಬ್ಬರಿ ಎಣ್ಣೆ ಬೇಡ. ಅಮ್ಮ ಇವತ್ತಿಗೂ ಒಪ್ಪಿಲ್ಲ, 'ಒಣಗಿದ ಚರ್ಮಕ್ಕೆ ಎಣ್ಣೆ ಹಚ್ಚದೆ ಇನ್ನೇನು ಹಚ್ತಾರೋ?' ಅನ್ನುತ್ತಾರೆ. ಮೊಡವೆ ಇರುವ ಮುಖಕ್ಕೆ ಅದು ರಂಧ್ರ ಮುಚ್ಚುತ್ತದೆ. ಹಗಲು ತೋಟಕ್ಕೆ ಹೋಗುವಾಗ ಸನ್‌ಸ್ಕ್ರೀನ್, ತಲೆಗೆ ಟೋಪಿ.

ಬಟ್ಟೆಯ ವಿಷಯ ಹೇಳಲೇಬೇಕು. ಅಮ್ಮನ ಮೆರೂನ್ ಬಣ್ಣದ ದೊಡ್ಡ ಟವೆಲ್, ತವರಿನಿಂದ ಬಂದದ್ದು, ನಾನು ಎರಡು ದಿನ ಒರೆಸಿಕೊಂಡೆ. ತೊಳೆದು ಒಣಗಿದ ಮೇಲೆ ನೋಡಿದರೆ ಮಧ್ಯೆ ಕಿತ್ತಳೆ ಬಣ್ಣದ ಮಚ್ಚೆ, ನಾಲ್ಕೈದು ಕಡೆ, ಒಂದರಲ್ಲಿ ನನ್ನ ಬೆರಳಿನ ಗುರುತೂ ಇತ್ತು. ಅಮ್ಮ ಕೆಲಸದವಳ ಮೇಲೆ ಅನುಮಾನಪಟ್ಟರು, ಬ್ಲೀಚಿಂಗ್ ಪೌಡರ್ ಚೆಲ್ಲಿದ್ದಾಳೆ ಅಂತ. ಒಪ್ಪಿಕೊಳ್ಳಬೇಕಾಯಿತು. ಅದು ಕಲೆಯಲ್ಲ, ಬಣ್ಣವೇ ಸತ್ತುಹೋಗಿರುತ್ತದೆ, ಯಾವ ಸೋಪಿಗೂ ವಾಪಸ್ ಬರುವುದಿಲ್ಲ. ಟೀಮಿನ ನೀಲಿ ಜರ್ಸಿಯ ಕುತ್ತಿಗೆಯೂ ಹೀಗೇ ಹೋಯಿತು. ಈಗ ನನ್ನ ಟವೆಲ್ ಬಿಳಿ, ಬನಿಯನ್ ಬಿಳಿ, ದಿಂಬಿನ ಕವರ್ ಬಿಳಿ. ಕೂದಲ ಅಂಚಿಗೂ ತಾಗದಂತೆ ನೋಡಿಕೊಳ್ಳುತ್ತೇನೆ.

ಮೂರನೇ ವಾರದವರೆಗೆ ಏನೂ ಆಗಲಿಲ್ಲ. ಬಿಟ್ಟುಬಿಡೋಣ ಅನಿಸಿತು. ಡಾಕ್ಟರಮ್ಮ 'ಹನ್ನೆರಡು ವಾರ ಆಗದೆ ನನ್ನ ಹತ್ತಿರ ಬಂದು ಕಮ್ಮಿಯಾಗಿಲ್ಲ ಅನ್ಬೇಡಿ' ಅಂದದ್ದು ನೆನಪಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಅದೇ ಕಿಟಕಿ ಹತ್ತಿರ ನಿಂತು ಫೋಟೋ ತೆಗೆಯುತ್ತಿದ್ದೆ. ಬೆನ್ನಿನದನ್ನು ತಮ್ಮ ತೆಗೆಯುತ್ತಿದ್ದ, ಮುಖ ಸಿಂಡರಿಸಿಕೊಂಡು. ಐದನೇ ವಾರ ಹೊಸ ಕೀವುಗುಳ್ಳೆ ಏಳುವುದು ಕಮ್ಮಿಯಾಯಿತು. ಎಂಟನೇ ವಾರ ಬನಿಯನ್ ಅಂಟಲಿಲ್ಲ. ಹನ್ನೆರಡಕ್ಕೆ ಗದ್ದ ಪೂರ್ತಿ ಸರಿ, ಬೆನ್ನು ಮುಕ್ಕಾಲು. ಹಳೇ ಕಪ್ಪು ಕಲೆಗಳು ಮಾತ್ರ ಹಾಗೇ ಇದ್ದವು. ಇದು ಮೊಡವೆ ಏಳದಂತೆ ನೋಡಿಕೊಳ್ಳುತ್ತದೆ, ಹಿಂದಿನ ಕಲೆ ಅಳಿಸುವುದಿಲ್ಲ. ಮುಖದ ಕಪ್ಪುತಲೆಗಳಿಗೆ (ಬ್ಲ್ಯಾಕ್‌ಹೆಡ್) ರಾತ್ರಿ ಹಚ್ಚಲು ಅಡಾಪಲೀನ್ ಜೆಲ್ ಸೇರಿಸಿದರು.

ಅಷ್ಟರಲ್ಲಿ ಮಳೆಗಾಲ ಬಂತು. ಜೂನ್ ಜುಲೈನಲ್ಲಿ ನಮ್ಮಲ್ಲಿ ಬಟ್ಟೆ ಒಣಗುವುದೇ ಇಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ಹಾಕಿದರೆ ಹೊಗೆ ವಾಸನೆ ಬರುತ್ತದೆ, ತೇವ ಹಾಗೇ ಇರುತ್ತದೆ. ಅರ್ಧ ಒಣಗಿದ ಬನಿಯನ್, ಮೇಲೆ ಸ್ವೆಟರ್, ಅದರ ಮೇಲೆ ರೈನ್‌ಕೋಟ್. ಎದೆ ಮೇಲೆ, ಭುಜದ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಮೊಡವೆ ವಾಪಸ್ ಬಂತು ಅಂತ ವಾಶ್ ದಿನಕ್ಕೆರಡು ಸಲ ಮಾಡಿದೆ. ಕಮ್ಮಿಯಾಗಲಿಲ್ಲ. ಆಮೇಲೆ ಸರಿಯಾಗಿ ನೋಡಿದೆ. ಎಲ್ಲ ಗುಳ್ಳೆಯೂ ಒಂದೇ ಅಳತೆ. ಕಪ್ಪುತಲೆ ಒಂದೂ ಇಲ್ಲ. ರಾತ್ರಿ ಕಂಬಳಿ ಹೊದ್ದರೆ ತುರಿಕೆ. ನನ್ನ ಮೊಡವೆ ನೋಯುತ್ತಿತ್ತು, ಯಾವತ್ತೂ ತುರಿಸಿರಲಿಲ್ಲ.

ಡಾಕ್ಟರಮ್ಮನಿಗೆ ಫೋಟೋ ಕಳಿಸಿ, ಆಮೇಲೆ ಹೋಗಿ ತೋರಿಸಿದೆ. ಅದು ಫಂಗಸ್. ಮಲಸ್ಸೀಝಿಯಾ ಅನ್ನುವ ಯೀಸ್ಟ್, ಎಲ್ಲರ ಚರ್ಮದಲ್ಲೂ ಇರುವಂಥದ್ದೇ, ತೇವ ಬೆವರು ಸಿಕ್ಕಿದರೆ ಕೂದಲಿನ ಬುಡದಲ್ಲಿ ಜಾಸ್ತಿಯಾಗುತ್ತದೆ. ಅದಕ್ಕೆ ಬೇಕಾದ್ದು ಫಂಗಸ್ಸಿಗೆ ಹಚ್ಚುವ ಔಷಧಿ, ಕೀಟೊಕೊನಜೋಲ್. ಅದನ್ನೂ ಅದೇ ಬಕೆಟ್ ಲೆಕ್ಕದಲ್ಲಿ ಹಚ್ಚಿ ಬಿಟ್ಟೆ, ಎರಡು ಮೂರು ವಾರಕ್ಕೆ ಹೋಯಿತು. ಮೊಡವೆ ಅಂತ ಆಂಟಿಬಯಾಟಿಕ್ ಮಾತ್ರೆ ನುಂಗಿದ್ದರೆ ಇದು ಇನ್ನೂ ಹೆಚ್ಚುತ್ತಿತ್ತಂತೆ. ಈಗ ಮಳೆಗಾಲದಲ್ಲಿ ಇಸ್ತ್ರಿ ಹಾಕಿ ಪೂರ್ತಿ ಒಣಗಿಸದ ಬನಿಯನ್ ತೊಡುವುದಿಲ್ಲ. ಆಟ ಮುಗಿದ ಕೂಡಲೇ ಒದ್ದೆ ಜರ್ಸಿ ಬಿಚ್ಚಿಬಿಡುತ್ತೇನೆ. ಚೆಸ್ಟ್ ಗಾರ್ಡಿನ ಒಳಭಾಗ ವಾರಕ್ಕೊಮ್ಮೆ ಒರೆಸುತ್ತೇನೆ. ಅದನ್ನು ವರ್ಷಗಟ್ಟಲೆ ಒರೆಸಿರಲಿಲ್ಲ ಅಂತ ಹೇಳಲು ನಾಚಿಕೆ.

2024ರಲ್ಲಿ ಅಮೆರಿಕದ ಒಂದು ಪ್ರಯೋಗಾಲಯ ಬೆಂಜಾಯಿಲ್ ಪೆರಾಕ್ಸೈಡ್ ಬಿಸಿಯಾದರೆ ಬೆಂಜೀನ್ ಆಗುತ್ತದೆ ಅಂದಾಗ ಗಾಬರಿಯಾಗಿತ್ತು. ಬೆಂಜೀನ್ ಕ್ಯಾನ್ಸರ್‌ಕಾರಕ. ಮುಂದಿನ ವರ್ಷ ಅಲ್ಲಿನ ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಾನೇ 95 ಉತ್ಪನ್ನಗಳನ್ನು ಪರೀಕ್ಷಿಸಿತು. ಹೆಚ್ಚಿನವುಗಳಲ್ಲಿ ಬೆಂಜೀನ್ ಇರಲಿಲ್ಲ, ಇದ್ದರೂ ತೀರಾ ಕಮ್ಮಿ. ಕೆಲವನ್ನು ಮಾತ್ರ ಅಂಗಡಿಗಳಿಂದ ವಾಪಸ್ ತರಿಸಿದರು. ನಾನು ಬಾಟಲಿಯನ್ನು ಜೀಪಿನ ಡ್ಯಾಶ್‌ಬೋರ್ಡಲ್ಲಿ ಬಿಸಿಲಿಗೆ ಇಡುತ್ತಿದ್ದೆ. ಈಗ ಒಲೆಯಿಂದ ದೂರ, ತಣ್ಣಗಿನ ಕಪಾಟಲ್ಲಿ ಇದೆ. ದಿನಾಂಕ ಮುಗಿದರೆ ಎಸೆಯುತ್ತೇನೆ.

ಚಿಕ್ಕಮ್ಮನ ಮಗಳು ಮಡಿಕೇರಿಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಹೋದ ಸಲ ಬಂದಾಗ, 'ಅಣ್ಣ, ನಿನ್ನ ಬಾಟಲಿ ಸ್ವಲ್ಪ ನಂಗೂ ಕೊಡು' ಅಂದಳು. ಕೊಡಲಿಲ್ಲ. ಗಂಟು ಗಂಟಾಗಿ, ಆಳದಲ್ಲಿ ನೋಯುವ ಮೊಡವೆ ಅವಳದು, ಕುಳಿ ಬೀಳುವಂಥದ್ದು. ಅದು ವಾಶ್‌ಗೆ ಬಗ್ಗುವ ಜಾತಿಯಲ್ಲ. ಚಿಕ್ಕಮ್ಮನಿಗೆ ಹೇಳಿ ಡಾಕ್ಟರ ಹತ್ತಿರ ಕಳಿಸಿದೆ. ಸಿಟ್ಟು ಮಾಡಿಕೊಂಡು ಹೋಗಿದ್ದಾಳೆ.

ನನಗೀಗ ಬೆನ್ನಿಗೆ ವಾರಕ್ಕೆ ಮೂರು ಸಲ ಸಾಕು, ಟೂರ್ನಮೆಂಟ್ ಇದ್ದರೆ ದಿನವೂ. ಕಳೆದ ತಿಂಗಳು ಅಪ್ಪ ಮನೆಗೆ ಹೊಸ ಟ್ಯಾಂಕ್ ಹಾಕಿಸಿದರು, ಎತ್ತರದಲ್ಲಿ. ಬಕೆಟ್ ಈಗ ಐವತ್ತು ಸೆಕೆಂಡಿಗೆ ತುಂಬಿ ಚೆಲ್ಲುತ್ತದೆ. ನಲ್ಲಿಯನ್ನು ಕಾಲುಭಾಗ ಮಾತ್ರ ತಿರುಗಿಸಿ ನಿಂತಿರುತ್ತೇನೆ. ಹೊರಗಿನಿಂದ ಅಪ್ಪ, 'ಇಷ್ಟು ಖರ್ಚು ಮಾಡಿ ಟ್ಯಾಂಕ್ ಹಾಕ್ಸಿದ್ರೂ ನಿನ್ನ ಸ್ನಾನ ಮುಗಿಯಲ್ವೇನೋ?' ಅಂತ ಕೂಗುತ್ತಾರೆ.