ನಮ್ಮ ಲಾವಾ ಗುಡ್ಡ: ವರ್ಷಪೂರ್ತಿ ಫೋಟೊ ತೆಗೆಯುವುದು ಹೇಗೆ?

ಜ್ವಾಲಾಮುಖಿ ಬೆಟ್ಟದ ಫೋಟೊಕ್ಕೆ ಜಪಾನಿಗೇ ಹೋಗಬೇಕಿಲ್ಲ. ಬೆಳಗಾವಿ ಸುತ್ತಲಿನ ಕಪ್ಪುಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ. ಪದರದ ಮೇಲೆ ಪದರ ಹರಿದು ಆರಿದ್ದರಿಂದ ಇಂಥ ಗುಡ್ಡಗಳ ಮೈ ಮೆಟ್ಟಿಲು ಮೆಟ್ಟಿಲು, ತಲೆ ಚಪ್ಪಟೆ. ಈ ಕಲ್ಲಿಗೆ 'ಟ್ರ್ಯಾಪ್' ಎಂಬ ಹೆಸರು ಬಂದದ್ದೂ ಮೆಟ್ಟಿಲು ಎನ್ನುವ ಸ್ವೀಡಿಷ್ ಪದದಿಂದಲೇ. ಫೋಟೊದಲ್ಲಿ ಕಾಣಬೇಕಾದ್ದು ಆ ಮೆಟ್ಟಿಲು.

ಮೊದಲು ಒಂದೇ ಗುಡ್ಡ ಆರಿಸಿ. ಯಳ್ಳೂರಿನ ರಾಜಹಂಸಗಡ ಊರಿಗೆ ಹತ್ತಿರ. ಮೇಲೆ ಹತ್ತಿದರೆ ಕೋಟೆ ಸಿಗುತ್ತದೆ, ಗುಡ್ಡ ಸಿಗುವುದಿಲ್ಲ. ಕೆಳಗೆ ಗದ್ದೆ ಬಯಲಲ್ಲೇ ನಿಲ್ಲಿ.

ನಿಲ್ಲುವ ಜಾಗ ವರ್ಷಪೂರ್ತಿ ಒಂದೇ ಇರಬೇಕು. ನಾನು ಮೇ ತಿಂಗಳಲ್ಲಿ ಗುರುತಿಗೆ ಒಂದು ಕಲ್ಲಿಟ್ಟು ಬಂದಿದ್ದೆ. ಮಿರಗದ ಮಳೆ ಬಿದ್ದ ಮೇಲೆ ಹೋದರೆ ಬರೀ ಹುಲ್ಲು! ಕಲ್ಲು ಇವತ್ತಿಗೂ ಸಿಕ್ಕಿಲ್ಲ. ಈಗ ಹತ್ತಿರದ ಕರೆಂಟ್ ಕಂಬವನ್ನು ಮೇಲಿನ ಬುರುಜಿನ ನೇರಕ್ಕೆ ತರುತ್ತೇನೆ. ಇನ್ನೊಂದು ಕಡೆ ಒಂದು ಬೇವಿನ ಬುಡ, ಅದರ ಹಿಂದೆ ಗುಡ್ಡದ ಅಂಚು. ಎರಡೂ ಜೋಡಿ ಕೂಡಿದರೆ ಅದೇ ಜಾಗ. ಝೂಮ್ ಎಷ್ಟಿತ್ತು, ಟ್ರೈಪಾಡ್ ಎಷ್ಟು ಎತ್ತರವಿತ್ತು ಅಂತ ಬರೆದಿಡಿ.

ಮಧ್ಯಾಹ್ನ ಹೋಗಿ ಉಪಯೋಗವಿಲ್ಲ. ನೆತ್ತಿ ಬಿಸಿಲಿಗೆ ಮೆಟ್ಟಿಲುಗಳೆಲ್ಲ ಕಲಸಿಹೋಗುತ್ತವೆ. ಗುಡ್ಡದ ದಕ್ಷಿಣಕ್ಕೆ ನಿಂತರೆ ಬೆಳಗ್ಗೆ ಬಲದಿಂದ, ಸಂಜೆ ಎಡದಿಂದ ಬೆಳಕು ಬೀಳುತ್ತದೆ. ಒಂದೊಂದು ಪದರಕ್ಕೂ ಒಂದೊಂದು ನೆರಳು.

ಮಳೆಗಾಲದ ಮಂಜು ಕ್ಯಾಮೆರಾಕ್ಕೆ ಮೋಸ ಮಾಡುತ್ತದೆ. ಎಲ್ಲಾ ಬೆಳ್ಳಗಿದೆ ಅಂತ ಅದು ಫೋಟೊವನ್ನು ಬೂದಿಬಣ್ಣ ಮಾಡಿಬಿಡುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ ಜಾಸ್ತಿ ಮಾಡಿ, ಅಂದರೆ ಬೆಳಕು ಎರಡು ಪಟ್ಟು. ಫ್ರೇಮಿನ ತುಂಬ ಕಪ್ಪುಕಲ್ಲೇ ಇದ್ದರೆ ಉಲ್ಟಾ, ಅರ್ಧದಿಂದ ಒಂದು ಸ್ಟಾಪ್ ಕಡಿಮೆ. ಮಂಜಿನಲ್ಲಿ ಫೋಕಸ್ ಹಿಡಿಯದಿದ್ದರೆ ಮ್ಯಾನುಯಲ್‌ಗೆ ಹಾಕಿ. ಒದ್ದೆ ಕಲ್ಲು ಹೊಳೆದರೆ ಪೋಲರೈಸರ್ (ಲೆನ್ಸ್ ಮುಂದೆ ಹಾಕುವ, ಹೊಳಪು ತಗ್ಗಿಸುವ ಫಿಲ್ಟರ್) ತಿರುಗಿಸಿ. ಮೊಬೈಲಾದರೆ ಗುಡ್ಡದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಶರ್ ಲಾಕ್ ಮಾಡಿದರೆ ಸಾಕು.

ಭತ್ತ ಹಣ್ಣಾಗಿ ಬಯಲು ಹಳದಿಯಾದಾಗ ಹಿಂದಿನ ಗುಡ್ಡ ಇನ್ನೂ ಅರೆಹಸಿರು. ನನಗೆ ಅದೇ ಇಷ್ಟ. ಬೇಸಿಗೆಯಲ್ಲಿ ಧೂಳು ಜಾಸ್ತಿ, ಬಣ್ಣ ಕಡಿಮೆ. ಆದರೆ ಹುಲ್ಲು ಒಣಗಿ ಕಲ್ಲಿನ ಪದರ ಬಿಚ್ಚಿಕೊಳ್ಳುತ್ತವೆ. ಕಪ್ಪು-ಬಿಳುಪಿನಲ್ಲಿ ನೋಡಿ.

ಬದುವಿನ ಮೇಲೆ ಟ್ರೈಪಾಡ್ ಇಡುವ ಮುಂಚೆ ಗದ್ದೆಯವರನ್ನು ಒಂದು ಮಾತು ಕೇಳಿ. ಕಾಲು ನಾಟಿ ಮೇಲೆ ಬಿದ್ದರೆ ಬೈಗುಳ ಖಾತ್ರಿ.